ಎಂಟು ಬರೆಯುವ ಕೈ

ಕೈಗುಣ ಅನ್ನುವ ಮಾತನ್ನು ತಮ್ಮ ಲ್ಯಾಬಿಗೆ ಮೊದಲು ತಂದವರು ಯಾರೋ, ಅವರ ಬಾಯಿಗೆ ಒಂದು ಚಮಚ ಉಜ್ಜುವ ಅಲ್ಯುಮಿನಾ ಪುಡಿ ಸುರಿಯಬೇಕು ಎಂದುಕೊಳ್ಳುತ್ತ ಅವಳು ಬಸ್ಸಿನಿಂದ ಇಳಿದಳು. ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ, ತಂದವಳು ತಾನೇ ಇರಬಹುದೇನೋ ಎಂಬ ಅನುಮಾನ ಬಂದು ಪುಡಿಯ ಯೋಚನೆ ಕೈಬಿಟ್ಟಳು. ಶುರುವಿನಲ್ಲಿ ಆ ಮಾತು ಕಿವಿಗೆ ಹಿತವಾಗಿಯೇ ಇತ್ತು. ಬೇರೆಯವರು ಮಾಡಿದರೆ ಸಪ್ಪೆ, ಇವಳು ಮಾಡಿದರೆ ಮಾತ್ರ ಕೆಲಸ ಮಾಡುತ್ತೆ, ಏನಿದ್ದರೂ ಕೈಗುಣ ಬಿಡಿ ಎಂದು ಯಾರೋ ಅಂದಾಗ ಅವಳು ನಾಚಿಕೊಂಡವಳಂತೆ ತಲೆ ತಗ್ಗಿಸಿ ಒಳಗೊಳಗೇ ಉಬ್ಬಿದ್ದಳು. ಅಡುಗೆಯವರಿಗೆ, ಡಾಕ್ಟರಿಗೆ, ಗಿಡ ನೆಡುವವರಿಗೆ ಕೈಗುಣ ಇದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಸಂಶೋಧಕಿಗೆ ಕೈಗುಣ ಇದೆ ಅಂದರೆ ಅದರ ಅರ್ಥ ಬೇರೆ. ಇವಳು ಬರೆದದ್ದು ಇನ್ನೊಬ್ಬರ ಕೈಯಲ್ಲಿ ಆಗುವುದಿಲ್ಲ ಎಂದು ಅರ್ಥ. ಆಗದಿದ್ದರೆ ಅದು ಪವಾಡವಿರಬೇಕು, ಇಲ್ಲವೇ ಸುಳ್ಳಿರಬೇಕು. ಪವಾಡಕ್ಕೆ ರಸಾಯನಶಾಸ್ತ್ರದಲ್ಲಿ ವಿಭಾಗವಿಲ್ಲ. ಇದು ಹೊಳೆಯುವುದಕ್ಕೆ ಅವಳಿಗೆ ಎಂಟು ತಿಂಗಳು ಬೇಕಾಯಿತು. ಹೊಳೆದಾಗಿನಿಂದ ಊಟ ಸೇರುತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಊಟ ಎರಡು ಪಟ್ಟು ಸೇರುತ್ತಿತ್ತು, ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ.

ವಿಷಯ ಇಷ್ಟೇ. ಪೆನ್ಸಿಲಿನಷ್ಟು ಉದ್ದದ ಒಂದು ಬಿಳಿ ಕಡ್ಡಿ, ಅದರ ತುದಿಯಲ್ಲಿ ಬೇಳೆಯಷ್ಟು ಅಗಲದ ಕಪ್ಪು ಕಾರ್ಬನ್ನಿನ ಬಿಲ್ಲೆ. ಇದಕ್ಕೆ ಎಲೆಕ್ಟ್ರೋಡ್ ಎಂದು ಹೆಸರು, ಲ್ಯಾಬಿನವರ ಬಾಯಲ್ಲಿ ಕಡ್ಡಿ. ಬಿಲ್ಲೆಯನ್ನು ಹೊಳೆಯುವ ಹಾಗೆ ಉಜ್ಜಿ, ಅದರ ಮೇಲೆ ಕೋಬಾಲ್ಟಿನ ಕಾಂಪ್ಲೆಕ್ಸು ಎಂಬ ಸಂಯುಕ್ತದ ನೀಲಿ ಹನಿಯೊಂದನ್ನು ಬಿಟ್ಟು ಒಣಗಿಸಬೇಕು. ಬರೀ ಕಾರ್ಬನ್ನಿನ ಹತ್ತಿರ ನೀರಿನೊಳಗಿನ ಆಮ್ಲಜನಕ ಬಹಳ ಬಿಗುಮಾನ ಮಾಡುತ್ತದೆ, ವೋಲ್ಟೇಜು ಏರಿಸಿ ಏರಿಸಿ ಒತ್ತಾಯ ಮಾಡಿದರೂ ಎಲೆಕ್ಟ್ರಾನು ಮುಟ್ಟುವುದಿಲ್ಲ. ನಡುವೆ ಕೋಬಾಲ್ಟು ನಿಂತು ಮಾತು ಕುದುರಿಸಿದರೆ ಬೇಗ ಒಪ್ಪುತ್ತದೆ. ಒಪ್ಪಿತು ಅನ್ನುವುದಕ್ಕೆ ಗುರುತು, ಕಂಪ್ಯೂಟರಿನಲ್ಲಿ ಓಡುವ ಗೆರೆ ಒಂದು ಕಡೆ ಹಳ್ಳಕ್ಕೆ ಬೀಳುವುದು. ಎಷ್ಟು ಬೇಗ ಬಿದ್ದರೆ, ಎಷ್ಟು ಆಳಕ್ಕೆ ಬಿದ್ದರೆ ಅಷ್ಟು ಒಳ್ಳೆಯದು. ಬೇಗ ಹಳ್ಳಕ್ಕೆ ಬಿದ್ದವರನ್ನು ಹೊಗಳುವ ಜಾಗ ಲೋಕದಲ್ಲಿ ಇದೊಂದೇ ಇರಬೇಕು. ಅವಳ ಗೆರೆ ಹಾಗೆ ಬಿದ್ದದ್ದು ಒಂದು ಸಲವಲ್ಲ, ನೂರಾರು ಸಲ. ಅದು ಪ್ರಬಂಧವಾಗಿ ಅಚ್ಚಾಗಿ ವರ್ಷವಾಗಿತ್ತು, ಅವಳ ಥೀಸಿಸ್ಸಿನ ಮೂರು ಅಧ್ಯಾಯ ಅದರ ಮೇಲೇ ನಿಂತಿದ್ದವು. ಆದರೆ ಬೇರೆ ಎರಡು ಊರಿನ ಲ್ಯಾಬಿನವರು ನಮ್ಮಲ್ಲಿ ಆಗುತ್ತಿಲ್ಲ ಎಂದು ಮರ್ಯಾದೆಯಿಂದ ಕಾಗದ ಬರೆದಿದ್ದರು. ಪಕ್ಕದ ಮೇಜಿನಲ್ಲೇ ಕೂತ, ಲ್ಯಾಬಿನವರೆಲ್ಲ ಮಾವ ಎನ್ನುವ ಸಹಸಂಶೋಧಕರ ಕೈಯಲ್ಲೂ ಎಂಟು ತಿಂಗಳಿನಿಂದ ಆಗಿರಲಿಲ್ಲ. ಕೊನೆಗೆ ಮೇಷ್ಟ್ರು, ಅಂದರೆ ಅವಳ ಗೈಡು, ಒಂದು ದಿನ ಗೊತ್ತು ಮಾಡಿದರು. ಇಬ್ಬರೂ ಅಕ್ಕಪಕ್ಕ ಕೂತು, ಒಂದೇ ಬಾಟಲಿಯ ಪುಡಿಯಲ್ಲಿ ಉಜ್ಜಿ, ಒಂದೇ ಶೀಸೆಯ ನೀಲಿ ಹನಿ ಬಿಟ್ಟು ಮಾಡಬೇಕು. ಮಾವನ ಗೆರೆ ಬಿದ್ದರೆ ಸರಿ. ಬೀಳದಿದ್ದರೆ ಮರುದಿನ ಬೆಳಿಗ್ಗೆ ಪತ್ರಿಕೆಗೆ ಬರೆದು ಪ್ರಬಂಧವನ್ನು ವಾಪಸ್ಸು ತೆಗೆದುಕೊಳ್ಳುವುದು. ಆ ದಿನ ಇವತ್ತು.

ಗೇಟಿನಿಂದ ಕಟ್ಟಡದವರೆಗಿನ ದಾರಿಯಲ್ಲಿ ಅಪ್ಪನ ಫೋನು ಬಂತು. ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದ ಅಪ್ಪನಿಗೆ, ಅಚ್ಚುಕೂಟ ಮುಚ್ಚಿ ಎಷ್ಟೋ ವರ್ಷವಾದ ಮೇಲೂ, ಲೋಕದ ಸಕಲ ವಸ್ತುಗಳೂ ಇಷ್ಟು ಪಾಯಿಂಟು ಎಂಬ ಅಚ್ಚಕ್ಷರದ ಅಳತೆಯಲ್ಲೇ ಕಾಣುತ್ತವೆ. ಪ್ರಬಂಧ ಅಚ್ಚಾಯಿತು ಎಂದು ಅವಳು ಕುಣಿದಾಡಿಕೊಂಡು ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಪಾಯಿಂಟಿನಲ್ಲಿ ಹಾಕಿದ್ದಾರೆ ಎಂದು. ಇವತ್ತು ಕೇಳಿದ್ದು ಕಾಂಪ್ಲೆಕ್ಸಿನ ಬಗ್ಗೆ. ಎಷ್ಟು ಅಂತಸ್ತಾಯಿತು ಪುಟ್ಟಿ, ಕೆಳಗಡೆ ಅಂಗಡಿ ಖಾಲಿ ಇದ್ದರೆ ಹೇಳು, ನಾನೊಂದು ಪೆನ್ನಿನ ಅಂಗಡಿ ಹಾಕುತ್ತೇನೆ ಎಂದ. ಐದು ವರ್ಷದಿಂದ ಅದೇ ಜೋಕು. ಅವಳು ಐದು ವರ್ಷದಿಂದ ನಗುತ್ತಿದ್ದಳು, ಇವತ್ತು ನಗು ಅರ್ಧಕ್ಕೇ ನಿಂತದ್ದು ಅಪ್ಪನಿಗೆ ಗೊತ್ತಾಗಿರಬೇಕು. ತಿಂಡಿ ತಿಂದೆಯಾ ಎಂದು ಕೇಳಿ, ಎರಡು ಸಲ ತಿಂದೆ ಎಂದದ್ದಕ್ಕೆ, ಹಾಗಾದರೆ ಏನೋ ಆಗಿದೆ ಎಂದ. ಅವಳು ಏನೂ ಇಲ್ಲವೆಂದಳು. ಅಪ್ಪನಿಗೆ ಹೇಗೆ ಹೇಳುವುದು, ಅಚ್ಚಾದದ್ದನ್ನು ವಾಪಸ್ಸು ತೆಗೆದುಕೊಳ್ಳುತ್ತಾರಂತೆ ಎಂದು. ಅಪ್ಪನ ಪ್ರಕಾರ ಒಂದು ಸಲ ಕಾಗದಕ್ಕೆ ಒತ್ತಿದ್ದು ಒತ್ತಿದ್ದೇ. ತಪ್ಪಿದ್ದರೆ ಒತ್ತುವ ಮೊದಲು ನೋಡಿಕೊಳ್ಳಬೇಕಿತ್ತು ಎಂದು ಅವನು ಮನೆಯಲ್ಲಿ ಉಪ್ಪು ಹೆಚ್ಚಾದಾಗಲೂ ಹೇಳುತ್ತಿದ್ದ.

ಲ್ಯಾಬಿನ ಬಾಗಿಲಲ್ಲೇ ಮಾವ ಸಿಕ್ಕಿದರು. ನಲವತ್ತೇಳು ವರ್ಷದ ಮನುಷ್ಯ, ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ, ಈಗ ಮೂರು ವರ್ಷ ರಜೆ ಹಾಕಿ ಪಿಎಚ್‌ಡಿ ಮಾಡಲು ಬಂದವರು. ಬಂದ ವಾರದಲ್ಲೇ ಇಡೀ ಲ್ಯಾಬಿಗೆ ಮಾವನಾದರು. ಅವರೋ, ತಮಗಿಂತ ಹದಿನೆಂಟು ವರ್ಷ ಚಿಕ್ಕವಳನ್ನು ಸೀನಿಯರ್ ಅನ್ನುವ ಒಂದೇ ಕಾರಣಕ್ಕೆ ಅಕ್ಕ ಎಂದು ಕರೆಯತೊಡಗಿದರು. ಮಾವ ಅನ್ನಿಸಿಕೊಂಡವರು ಅಕ್ಕ ಅನ್ನುವುದು, ಅಕ್ಕ ಅನ್ನಿಸಿಕೊಂಡವಳು ಮಾವ ಅನ್ನುವುದು, ಹೊರಗಿನಿಂದ ಬಂದವರಿಗೆ ಈ ಮನೆಯ ಸಂಬಂಧ ಎಷ್ಟು ಲೆಕ್ಕ ಹಾಕಿದರೂ ಬಗೆಹರಿಯುತ್ತಿರಲಿಲ್ಲ. ಇವತ್ತು ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಏನು ಮಾವ, ಹೊಸ ಅಂಗಿ ಎಂದು ಕೇಳಿದ್ದಕ್ಕೆ, ಪರೀಕ್ಷೆ ಅಲ್ಲವಾ ಅಕ್ಕ, ಫೇಲಾಗುವವರು ನೀಟಾಗಿರಬೇಕು ಎಂದು ನಕ್ಕರು. ಅವರ ರಜೆ ಮುಗಿಯಲು ಇನ್ನು ನಾಲ್ಕು ತಿಂಗಳಿತ್ತು. ಅವಳ ನೀಲಿ ಹನಿ ಅವರ ಕಡ್ಡಿಯ ಮೇಲೆ ಕೆಲಸ ಮಾಡಿದರೆ ಮಾತ್ರ ಅವರ ಮುಂದಿನ ಕೆಲಸ. ಇಲ್ಲದಿದ್ದರೆ ಅವರು ಬರೀ ಕೈಯಲ್ಲಿ ಕಾಲೇಜಿಗೆ ಮರಳಬೇಕು, ಸ್ಟಾಫ್ ರೂಮಿನಲ್ಲಿ ಏನು ಸರ್, ಡಾಕ್ಟರ್ ಆಗಲಿಲ್ಲವಾ ಅನ್ನಿಸಿಕೊಳ್ಳಬೇಕು.

ಅವಳು ಆ ನಗುವಿನಿಂದ ಕಣ್ಣು ತಪ್ಪಿಸಿದಳು. ಮೂರು ತಿಂಗಳ ಕೆಳಗೆ ಮೇಷ್ಟ್ರ ಕೋಣೆಯಲ್ಲಿ, ಇವರ ಕೈಯಲ್ಲಿ ಯಾಕಮ್ಮ ಆಗುತ್ತಿಲ್ಲ ಎಂದು ಅವರು ಕೇಳಿದಾಗ, ಅವಳು ಒಂದು ಕ್ಷಣವೂ ತಡಮಾಡದೆ ಹೇಳಿದ್ದಳು, ಅವರದು ಒರಟು ಕೈ ಸರ್. ಹೇಳಿ ತಿರುಗಿದರೆ ಬಾಗಿಲು ಅರ್ಧ ತೆರೆದಿತ್ತು, ಬಾಗಿಲ ಕೆಳಗೆ ಒಂದು ಜೊತೆ ಕಂದು ಚಪ್ಪಲಿ ಕಾಣಿಸಿತು. ಮರುಕ್ಷಣ ಚಪ್ಪಲಿ ಇರಲಿಲ್ಲ. ಅವತ್ತು ಸಂಜೆ ಮಾವ ಎಂದಿನ ಹಾಗೆ ಚಹಾ ತಂದುಕೊಟ್ಟರು, ಎಂದಿನ ಹಾಗೆ ಅಕ್ಕಾ ಎಂದರು, ಕೇಳಿಸಿಕೊಂಡರೋ ಇಲ್ಲವೋ ಅವಳಿಗೆ ತಿಳಿಯಲೇ ಇಲ್ಲ. ಕೇಳಿಸಿಕೊಂಡಿರಲಿಕ್ಕಿಲ್ಲ ಎಂದು ತನಗೆ ತಾನೇ ದಿನಕ್ಕೆ ಎರಡು ಸಲ ಹೇಳಿಕೊಂಡಳು. ಒರಟು ಕೈ ಅಂತೆ. ಅವಳು ಅವರಿಗೆ ಉಜ್ಜುವುದನ್ನು ಕಲಿಸಿಯೂ ಇರಲಿಲ್ಲ. ಬಂದ ಹೊಸದರಲ್ಲಿ ಅವರು, ಒಂದು ಸಲ ತೋರಿಸಿಕೊಡಿ ಅಕ್ಕ ಎಂದು ಕೇಳಿದಾಗ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ ಮಾವ, ಎಂಟರ ಆಕಾರದಲ್ಲಿ ಉಜ್ಜಬೇಕು ಅಷ್ಟೇ ಎಂದು ಪುಸ್ತಕ ಕೈಗೆ ಕೊಟ್ಟು ಬಂದಿದ್ದಳು. ಉಜ್ಜುವಾಗ ಯಾರಾದರೂ ನೋಡಿದರೆ ಅವಳಿಗೆ ಆಗುತ್ತಿರಲಿಲ್ಲ, ಹಲ್ಲುಜ್ಜುವಾಗ ಪಕ್ಕದ ಮನೆಯವರು ಬಂದು ನಿಂತ ಹಾಗಾಗುತ್ತಿತ್ತು. ಗೋಡೆಯ ಮೂಲೆಗೆ ಮುಖ ಮಾಡಿ, ಎಲ್ಲರಿಗೂ ಬೆನ್ನು ಹಾಕಿ ಕೂರುವುದು ಅವಳ ಪದ್ಧತಿ. ಹಾಗೆ ಕೂತಾಗ ಅವಳ ಹತ್ತಿರ ಮಾತಾಡಬಾರದು, ಮೇಜು ಅಲುಗಿಸಬಾರದು ಎಂಬುದು ಐದು ವರ್ಷದಲ್ಲಿ ಲ್ಯಾಬಿನ ಕಾನೂನಾಗಿತ್ತು.

ಎರಡು ಗಂಟೆಗೆ ಇಬ್ಬರೂ ಉಜ್ಜಲು ಕೂತರು, ಅಕ್ಕಪಕ್ಕವಾದರೂ ಅವಳು ಎಂದಿನಂತೆ ಗೋಡೆಗೆ ಮುಖ ಮಾಡಿ. ಮೇಷ್ಟ್ರು ಮೀಟಿಂಗಿನಲ್ಲಿದ್ದರು, ಹನಿ ಒಣಗಿದ ಮೇಲೆ ಕರೆಯಿರಿ ಎಂದು ಹೇಳಿ ಕಳಿಸಿದ್ದರು. ಗಾಜಿನ ಹಲಗೆಗೆ ಅಂಟಿಸಿದ ದುಂಡನೆ ಬಟ್ಟೆ, ಅದರ ಮೇಲೆ ಬಿಳಿ ಪುಡಿ, ನಾಲ್ಕು ಹನಿ ನೀರು, ಅಂಗೈಯಷ್ಟು ಅಗಲದ ಕೆಸರು. ಕಡ್ಡಿಯನ್ನು ನೆಟ್ಟಗೆ ಹಿಡಿದು, ಹೆಚ್ಚು ಒತ್ತದೆ, ಕಡಿಮೆ ಒತ್ತದೆ, ಐದು ನಿಮಿಷ. ಕೈ ತನ್ನ ಪಾಡಿಗೆ ತಾನು ಹೊರಟಿತು. ಇದೊಂದು ಕೆಲಸದಲ್ಲಿ ಅವಳಿಗೆ ಎಲ್ಲಿಲ್ಲದ ನೆಮ್ಮದಿ. ಬಟ್ಟೆಯ ಮೇಲೆ ಕಾರ್ಬನ್ ಜಾರುವಾಗ ಬರುವ ಸಣ್ಣ ಸರ್ ಸರ್ ಸದ್ದು ಅಪ್ಪ ರಾತ್ರಿಯ ಊಟಕ್ಕೆ ಮೊದಲು ಮೊಳೆಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ ಸದ್ದೇ. ಸವೆದ ಮೊಳೆಗಳನ್ನು ಅಪ್ಪ ಮನೆಗೆ ತರುತ್ತಿದ್ದ, ಬೇರೆ ಮಕ್ಕಳಿಗೆ ಗೊಂಬೆ ಇದ್ದ ಹಾಗೆ ಅವಳಿಗೆ ಸೀಸದ ಅಂಕಿಗಳಿದ್ದವು. ಒಂದು ಎರಡು ಮೂರು ಎಂದು ಸಾಲಾಗಿ ನಿಲ್ಲಿಸಿ, ಏಳಕ್ಕೂ ಎಂಟಕ್ಕೂ ಜಗಳ ಹಚ್ಚಿ, ಒಂಬತ್ತನ್ನು ತೀರ್ಪಿಗೆ ಕೂರಿಸುತ್ತಿದ್ದಳು. ಶಾಲೆಗೆ ಹೋದ ಮೇಲೆ ಅಲ್ಲಿಯ ಅಂಕಿಗಳೇ ಬೇರೆ, ಬಸ್ಸಿನ ಮೇಲೆ, ಗಡಿಯಾರದೊಳಗೆ, ಫೋನಿನಲ್ಲಿ ಎಲ್ಲ ಕಡೆಯೂ ಆ ಬೇರೆಯವೇ. ಅವು ಕಣ್ಣಿಗೆ ಬಂದವು, ಕೈಗೆ ಮೊದಲು ಬಂದವು ಮಾತ್ರ ಅಪ್ಪನವು. ಸಂಶೋಧನೆಗೆ ಸೇರಿದ ದಿನ ಮೇಷ್ಟ್ರು ಹೊರಗೆ ಹೋಗುವ ಅವಸರದಲ್ಲಿ ಬಾಗಿಲಲ್ಲೇ ನಿಂತು, ಎಂಟು ಬರೆದ ಹಾಗೆ ಉಜ್ಜಮ್ಮ, ಐದು ನಿಮಿಷ, ಬೇರೇನಿಲ್ಲ ಎಂದು ಹೇಳಿ ಹೋಗಿದ್ದರು. ಅಷ್ಟೇ ಪಾಠ. ಅಷ್ಟರಲ್ಲೇ ಕಲಿತೆ ಎಂದು ಆಮೇಲೆ ಹೆಮ್ಮೆಯಿಂದ ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದಾಳೋ.

ಉಜ್ಜಿ, ತೊಳೆದು, ಒಂದೇ ಶೀಸೆಯಿಂದ ಒಂದೊಂದು ನೀಲಿ ಹನಿ ಬಿಟ್ಟು, ಎರಡೂ ಕಡ್ಡಿಗಳನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಾಜಿನ ಲೋಟ ಕವಿಚಿದರು. ಮಾವ ಗಡಿಯಾರ ನೋಡಿ, ಮೇಷ್ಟ್ರನ್ನು ಕರೆದುಕೊಂಡು ಬರುತ್ತೇನೆ ಅಕ್ಕ, ಬರುವಾಗ ಚಹಾಕ್ಕೂ ಹೇಳುತ್ತೇನೆ ಎಂದು ಹೊರಟರು. ಅವಳು ಮೇಜು ಒರೆಸಲು ಬಟ್ಟೆ ಎತ್ತಿಕೊಂಡಳು. ಕೆಸರು ಒಣಗುತ್ತಿತ್ತು. ಐದು ನಿಮಿಷ ಒಂದೇ ದಾರಿಯಲ್ಲಿ ಹೋಗಿ ಬಂದ ಕಡ್ಡಿ, ಬಿಳಿ ಕೆಸರನ್ನು ಎರಡೂ ಬದಿಗೆ ಸರಿಸಿ, ನಡುವೆ ಕಾಲುದಾರಿಯಂಥ ಗುರುತು ಬಿಟ್ಟಿತ್ತು. ಎರಡು ಹಲಗೆ ಅಕ್ಕಪಕ್ಕ ಇದ್ದದ್ದು ಐದು ವರ್ಷದಲ್ಲಿ ಇದೇ ಮೊದಲು. ಮಾವನ ಬಟ್ಟೆಯ ಮೇಲೆ ಅಚ್ಚುಕಟ್ಟಾದ 8, ಒಂದರ ಮೇಲೊಂದು ಕೂತ ಎರಡು ಸೊನ್ನೆ. ಅವಳ ಬಟ್ಟೆಯ ಮೇಲೆ ೮.

ಮೊದಲು ಅವಳಿಗೆ ನಗು ಬಂತು. ಅದು ಅಪ್ಪನ ಎಂಟು, ಶುರುವಾದ ಕಡೆಗೆ ಮರಳಿ ಬಾರದೆ ಬಾಯಿ ತೆರೆದುಕೊಂಡೇ ಒಂದು ಕಡೆಗೆ ಹೊರಟುಹೋಗುವ ಎಂಟು. ಎಂಟು ಬರೆದ ಹಾಗೆ ಎಂದು ಹೇಳಿದ್ದರು, ಕೈ ತನಗೆ ಗೊತ್ತಿದ್ದ ಎಂಟನ್ನು ಬರೆದಿತ್ತು. ಐದು ವರ್ಷ, ದಿನಕ್ಕೆ ಎರಡು ಸಲ. ನಗು ಗಂಟಲಲ್ಲಿರುವಾಗಲೇ ಇನ್ನೊಂದು ಹೊಳೆಯಿತು. ಪ್ರಬಂಧದಲ್ಲಿ ಅಚ್ಚಾಗಿರುವುದೇನು? ಎಂಟರ ಆಕಾರದಲ್ಲಿ ಕನ್ನಡಿಯಂತೆ ನಯವಾಗುವವರೆಗೆ ಉಜ್ಜಲಾಯಿತು ಎಂದು. ಅದನ್ನು ಓದಿ ಲೋಕವೆಲ್ಲ 8 ಉಜ್ಜುತ್ತಿದೆ. ಮಾವ ಎಂಟು ತಿಂಗಳಿನಿಂದ, ಕಣ್ಣಿಗೆ ಕನ್ನಡಕ ಏರಿಸಿಕೊಂಡು, ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಮುದ್ದಾದ 8 ಉಜ್ಜುತ್ತಿದ್ದಾರೆ. ತಪ್ಪು ಮಾಡಿದವಳು ಇವಳು, ಒರಟು ಕೈ ಅನ್ನಿಸಿಕೊಂಡವರು ಅವರು. ಎಂಥ ಹೆಂಗಸು ನಾನು ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವಳ ಹೆಬ್ಬೆರಳು ಬಟ್ಟೆಯ ಮೇಲೆ ಇಳಿದು, ೮ನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾರಿಸಿಬಿಟ್ಟಿತು. ಯಾರೂ ನೋಡಲಿಲ್ಲ. ಕೈ ತನ್ನ ಪಾಡಿಗೆ ತಾನು ಮಾಡಿತು ಎಂದು ಹೇಳಿಕೊಳ್ಳಲು ನೋಡಿದಳು, ಈ ಸಲ ಆ ಮಾತು ನಾಲಿಗೆಗೆ ಬರಲಿಲ್ಲ.

ಆಮೇಲಿನ ಹತ್ತು ನಿಮಿಷದಲ್ಲಿ ಅವಳ ತಲೆ ಓಡಿದಷ್ಟು ಐದು ವರ್ಷದಲ್ಲಿ ಓಡಿರಲಿಲ್ಲ. ದಾರಿ ಇತ್ತು. ಇವತ್ತು ಮಾವನ ಗೆರೆ ಬೀಳುವುದಿಲ್ಲ, ಅದು ಖಂಡಿತ. ಆಗ, ಸರ್, ಇನ್ನೊಂದೇ ಒಂದು ಸಲ ನೋಡೋಣ ಎಂದು ಕೇಳಿಕೊಂಡು, ನಾಳೆ ಅವರ ಪಕ್ಕ ಕೂತು, ಸ್ವಲ್ಪ ಹೀಗೆ ತಿರುಗಿಸಿ ಮಾವ, ಇಲ್ಲಿ ಕೈ ಎತ್ತಿ ಮಾವ ಎಂದು ತುಂಡು ತುಂಡಾಗಿ ಹೇಳಿಕೊಟ್ಟರೆ ಆಯಿತು. ಕೈಗುಣ ದಾಟಿತು ಎಂದು ಎಲ್ಲರೂ ಖುಷಿಪಡುತ್ತಾರೆ. ಅಚ್ಚಾದ ವಾಕ್ಯ ಅಚ್ಚಾದ ಹಾಗೇ ಇರುತ್ತದೆ. ಸಂಶೋಧನೆಯ ಐದನೆಯ ವರ್ಷದಲ್ಲಿ ಎಂಟು ಬರೆಯಲು ಬಾರದವಳು ಎಂದು ಯಾರ ಕೈಯಲ್ಲೂ ಅನ್ನಿಸಿಕೊಳ್ಳಬೇಕಾಗಿಲ್ಲ. ಬೇರೆ ಊರಿನ ಆ ಎರಡು ಲ್ಯಾಬಿನವರು? ಅವರೂ ಒರಟು ಕೈಯವರೇ ಆಗಿ ಉಳಿಯುತ್ತಾರೆ. ಅಷ್ಟು ಹೊತ್ತಿಗೆ ಕಾರಿಡಾರಿನಲ್ಲಿ ಮೇಷ್ಟ್ರ ಕೆಮ್ಮು ಕೇಳಿಸಿತು, ಹಿಂದೆಯೇ ಮಾವನ ಚಪ್ಪಲಿಯ ಸದ್ದು.

ಮೊದಲು ಅವಳ ಕಡ್ಡಿ. ಗಾಜಿನ ಪಾತ್ರೆಯೊಳಗೆ ಆಮ್ಲಜನಕದ ಗುಳ್ಳೆ ಏಳುತ್ತಿದ್ದವು. ಗೆರೆ ಹೊರಟಿತು, ನೆಟ್ಟಗೆ ಸ್ವಲ್ಪ ದೂರ ಹೋಗಿ, ಎಲ್ಲಿ ಬೀಳಬೇಕೋ ಅಲ್ಲಿ ಸೊಗಸಾಗಿ ಹಳ್ಳಕ್ಕೆ ಬಿತ್ತು. ಮೇಷ್ಟ್ರು ತಲೆಯಾಡಿಸಿದರು, ಅದರಲ್ಲಿ ಸಂತೋಷ ಇರಲಿಲ್ಲ. ಆಮೇಲೆ ಮಾವನದು. ಮಾವ ಅಂಗಿಯ ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಂಡರು, ತಂತಿ ಸಿಕ್ಕಿಸಿದರು, ಕೈಕಟ್ಟಿ ನಿಂತರು. ಗೆರೆ ಹೊರಟಿತು, ಆ ಜಾಗ ದಾಟಿತು, ಏನೂ ಆಗದವರಂತೆ ಮುಂದೆ ಹೋಯಿತು, ಬಹಳ ಮುಂದೆ ಹೋಗಿ ಬೇಕೋ ಬೇಡವೋ ಎಂಬಂತೆ ಸ್ವಲ್ಪ ತಗ್ಗಿತು. ಮೂವರೂ ಅದನ್ನು ನೋಡುತ್ತ ನಿಂತರು. ಚಹಾ ಬಂದು ಕಿಟಕಿಯ ಕಟ್ಟೆಯ ಮೇಲೆ ಆರುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ನೀವಿಬ್ಬರೂ ಪ್ರಾಮಾಣಿಕರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ, ಆದರೆ ಕೈಗುಣವನ್ನು ಪ್ರಬಂಧದಲ್ಲಿ ಹೇಗೆ ಬರೆಯೋದಮ್ಮ ಎಂದರು. ನಾಳೆ ಪತ್ರಿಕೆಗೆ ಕಾಗದ ಬರೆಯುವ ಮಾತೂ ಅದರ ಹಿಂದೆಯೇ ಬಂತು. ಅವಳು ಇನ್ನೊಂದೇ ಒಂದು ಸಲ ಎಂದು ಹೇಳಲು ಬಾಯಿ ತೆರೆದಳು.

ಅವಳಿಗಿಂತ ಮೊದಲು ಮಾವ ಮಾತಾಡಿದರು. "ವಾಪಸ್ಸು ತಗೋಬೇಡಿ ಸರ್. ಅವರದು ಸರಿಯಾಗೇ ಬರ್ತಿದೆಯಲ್ಲ, ಕಣ್ಣಾರೆ ನೋಡಿದ್ವಿ. ನನ್ನದು ಒರಟು ಕೈ. ಬೇಕಾದ್ರೆ ಹಾಗಂತಲೇ ಬರೆದುಕೊಡ್ತೀನಿ, ಮುಂದಿನ ವಾರ ಕಾಲೇಜಿಗೆ ವಾಪಸ್ಸು ಹೋಗ್ತೀನಿ."

ಒರಟು ಕೈ. ಅಕ್ಷರ ಕೂಡ ಬದಲಾಯಿಸಿರಲಿಲ್ಲ. ಅವರು ಅದನ್ನು ಚುಚ್ಚಿ ಹೇಳಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಮೂರು ತಿಂಗಳಿನಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದನ್ನು ಈಗ ಅವಳ ಉಪಯೋಗಕ್ಕೆ ಬರುತ್ತದೆ ಎಂದು ತೆಗೆದು ಮೇಜಿನ ಮೇಲಿಟ್ಟ ಹಾಗೆ ಹೇಳಿದರು. ಅವಳಿಗೆ ನಿಂತ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಗಟ್ಟಿಯಾಗಿತ್ತು, ಹಾಗಾಗಿ ಮಾತಾಡದೆ ಬೇರೆ ದಾರಿ ಇರಲಿಲ್ಲ.

"ಮಾವ, ನಿಮ್ಮ ಎಂಟು ಸರಿ ಇದೆ," ಎಂದಳು. "ನನ್ನ ಎಂಟೇ ಬೇರೆ."

ಇಬ್ಬರೂ ಅವಳ ಮುಖ ನೋಡಿದರು. ನಿದ್ದೆಗೆಟ್ಟು ಇವಳಿಗೆ ಏನೋ ಆಗಿದೆ ಎಂದುಕೊಂಡಿರಬೇಕು, ಮಾವ ಸ್ಟೂಲನ್ನು ಕಾಲಿನಿಂದ ಹತ್ತಿರ ಸರಿಸಿದರು. ಅವಳು ಕೂರಲಿಲ್ಲ. ತನ್ನ ಹಲಗೆಯನ್ನು ಮುಂದಕ್ಕೆ ಎಳೆದು, ಗುರುತು ಇತ್ತು ಸರ್, ನೀವು ಬರುವ ಮೊದಲು ನಾನೇ ಒರೆಸಿಬಿಟ್ಟೆ ಎಂದಳು. ಅದನ್ನು ಹೇಳುವಾಗ ಕಿವಿಯವರೆಗೆ ಬಿಸಿಯಾಯಿತು, ಆದರೆ ಅದನ್ನು ಹೇಳಿದ ಮೇಲೆ ಉಳಿದದ್ದು ಹೇಳುವುದು ಸಲೀಸಾಯಿತು. ಕಡ್ಡಿ ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಸಲ ಗೋಡೆಗೆ ಬೆನ್ನು ಹಾಕಿ, ಎರಡು ಜೊತೆ ಕಣ್ಣಿನ ಎದುರಿಗೆ ಉಜ್ಜಿ ತೋರಿಸಿದಳು. ಕೆಸರಿನ ಮೇಲೆ ಗುರುತು ಮೂಡಿತು. ಮೇಷ್ಟ್ರು ಬಗ್ಗಿದರು, ಮಾವ ಬಗ್ಗಿದರು, ಇಬ್ಬರ ತಲೆಯೂ ಒಂದಕ್ಕೊಂದು ಸಣ್ಣಗೆ ಡಿಕ್ಕಿಯಾಯಿತು. ಇದು ಏಳಲ್ಲವಾ ಎಂದರು ಮೇಷ್ಟ್ರು. ಏಳು ಹೀಗಲ್ಲ ಸರ್, ಏಳಕ್ಕೆ ಬಾಲ ಆ ಕಡೆ ಎಂದರು ಮಾವ. ಆ ಕಡೆ ಬಾಲ ಇರುವುದು ಆರಕ್ಕೆ ಎಂದು ಮೇಷ್ಟ್ರು ವಾದ ಹೂಡಿದರು. ಎಲೆಕ್ಟ್ರಾನಿನ ಒಳಮನೆಯ ವ್ಯವಹಾರವೆಲ್ಲ ಬಲ್ಲ ಇಬ್ಬರು ವಿದ್ವಾಂಸರು ಎರಡು ನಿಮಿಷ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬೆರಳು ಮಡಚಿ ಗಾಳಿಯಲ್ಲಿ ಗೀಚಿದರು, ಎಂಟು ಮಾತ್ರ ಇಬ್ಬರಿಗೂ ಸಿಗಲಿಲ್ಲ. ಎಂಟು ಸರ್, ಅಪ್ಪ ಕಲಿಸಿದ್ದು ಎಂದಳು ಅವಳು. ಹೇಳುವಾಗ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು, ಯಾವುದನ್ನು ತಡೆಯುವುದೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು.

ಮೇಷ್ಟ್ರು ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬಯ್ಯುತ್ತಾರೆ ಎಂದು ಅವಳು ಕಾದಳು. ಎಂಟು ಬರೆದ ಹಾಗೆ ಅಂದದ್ದು ನಾನೇ ಅಲ್ಲವೇನಮ್ಮ ಎಂದು ಅವರು ಕೊನೆಗೆ ಕೇಳಿದಾಗ, ಯಾವ ಎಂಟು ಅಂತ ನೀವು ಹೇಳಿರಲಿಲ್ಲ ಸರ್ ಎಂದಳು. ಅವರಿಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿ ಎರಡೂ ಬಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಊಹೆ ಇದು. ಆ 8 ಮುಚ್ಚಿದ ದಾರಿ, ಹೋದ ಗೀರನ್ನು ಬಂದ ಗೀರು ಅಳಿಸುತ್ತದೆ, ಬಿಲ್ಲೆ ಕನ್ನಡಿಯಾಗುತ್ತದೆ. ಕನ್ನಡಿಯ ಮೇಲೆ ಹಿಡಿಯಲು ಏನೂ ಇಲ್ಲದೆ ನೀಲಿ ಅಣುಗಳು ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ, ಅಡಿಯಲ್ಲಿ ಸಿಕ್ಕವು ಕೆಲಸಕ್ಕೆ ಬರುವುದಿಲ್ಲ. ಈ ೮ ಮುಚ್ಚುವುದಿಲ್ಲ, ಪ್ರತಿ ಸಲ ಕೈ ಎತ್ತಿ ಮತ್ತೆ ಶುರು ಮಾಡಬೇಕು, ಗೀರುಗಳೆಲ್ಲ ಒಂದೇ ಕಡೆಗೆ ಓಡುತ್ತವೆ, ಕಾರ್ಬನ್ನಿನ ಮುರಿದ ಅಂಚುಗಳು ಉಳಿಯುತ್ತವೆ. ಆ ಅಂಚುಗಳನ್ನು ಹಿಡಿದುಕೊಂಡು ಅಣುಗಳು ಬಿಡಿಬಿಡಿಯಾಗಿ ನಿಲ್ಲುತ್ತಿರಬೇಕು. ಊಹೆ ಕಣ್ರೀ, ಊಹೆ, ನೋಡಬೇಕು, ಮೂರು ತಿಂಗಳ ಕೆಲಸ ಇದೆ ಎಂದು ಹೇಳುತ್ತಿರುವಾಗ ಅವರ ಮುಖ ಹತ್ತು ವರ್ಷ ಚಿಕ್ಕದಾಗಿತ್ತು. ಪ್ರಬಂಧ ವಾಪಸ್ಸು ತೆಗೆದುಕೊಳ್ಳಬೇಕಾ ಎಂದು ಅವಳು ಕೇಳಿದ್ದಕ್ಕೆ, ಮೊದಲು ಇವರ ಗೆರೆ ಬೀಳಲಿ, ಬಿದ್ದರೆ ತಿದ್ದುಪಡಿ ಸಾಕು, ಬೀಳದಿದ್ದರೆ ಮೊದಲು ಹೇಳಿದ್ದೇ ಎಂದರು.

ಮಾವ ತೋಳು ಮಡಚಿ ಕೂತರು. ಎರಡು ಸಲ ಬರೆದರು, ಎರಡು ಸಲವೂ ಅಭ್ಯಾಸಬಲದಿಂದ ಬಾಯಿ ಮುಚ್ಚಿ 8 ಆಯಿತು. ನನ್ನ ಕೈಗೆ ನಿಮ್ಮ ಎಂಟು ಒಗ್ಗುವುದಿಲ್ಲ ಅಕ್ಕ ಎಂದು ಕಡ್ಡಿ ಕೆಳಗಿಡಲು ಹೋದರು. ಅವಳು ಏನೂ ಯೋಚಿಸದೆ ಪಕ್ಕದಲ್ಲಿ ನಿಂತು ಅವರ ಮುಂಗೈ ಹಿಡಿದಳು. ಬೆಚ್ಚಗಿನ, ಸೀಮೆಸುಣ್ಣ ಹಿಡಿದು ಹಿಡಿದು ತುದಿ ಚಪ್ಪಟೆಯಾದ ಬೆರಳುಗಳ ಕೈ. ಒರಟು ಎಲ್ಲಿ ಬಂತು? ಅಪ್ಪ ತನ್ನ ತೋರುಬೆರಳನ್ನು ಹೀಗೇ ಹಿಡಿದು, ನೆಲದ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ, ಇಲ್ಲಿಂದ ಇಳಿ, ಇಲ್ಲಿ ಹೊರಳು, ಮುಚ್ಚಬೇಡ, ಬಿಟ್ಟುಬಿಡು ಎಂದು ತಿರುಗಿಸುತ್ತಿದ್ದ. ಅಪ್ಪನ ಉಗುರಿನ ಸಂದಿಯಲ್ಲಿ ಯಾವಾಗಲೂ ಮಸಿ ಇರುತ್ತಿತ್ತು, ಅವಳ ಉಗುರಿನ ಸಂದಿಯಲ್ಲಿ ಈಗ ಇರುವುದೂ ಕಾರ್ಬನ್ನಿನ ಮಸಿಯೇ. ಇಲ್ಲಿಂದ ಇಳಿಸಿ ಮಾವ, ಇಲ್ಲಿ ಹೊರಳಿ, ಮುಚ್ಚಬೇಡಿ, ಎತ್ತಿಬಿಡಿ ಎಂದಳು. ಹತ್ತನೆಯ ಸಲಕ್ಕೆ ಅವಳು ಕೈ ಬಿಟ್ಟರೂ ಅವರ ಕೈ ನಿಲ್ಲಲಿಲ್ಲ.

ಹನಿ ಒಣಗುವವರೆಗೆ ಕಾಯಬೇಕಿತ್ತು. ಮೇಷ್ಟ್ರು ಆರಿದ ಚಹಾವನ್ನೇ ಹೀರುತ್ತ ಕಿಟಕಿಯ ಹತ್ತಿರ ಹೋದರು. ಅವಳು ದನಿ ತಗ್ಗಿಸಿ, ಅವತ್ತು ಕೇಳಿಸಿಕೊಂಡಿರಾ ಮಾವ ಎಂದಳು. ಕೇಳಿಸಿಕೊಂಡೆ ಎಂದರು. ಯಾಕೆ ಏನೂ ಅನ್ನಲಿಲ್ಲ ಎಂದದ್ದಕ್ಕೆ, ನಿಜ ಇರಬಹುದು ಅಂದುಕೊಂಡೆ ಅಕ್ಕ, ಮನೆಗೆ ಹೋಗಿ ಹೆಂಡತಿಗೂ ಕೈ ತೋರಿಸಿದೆ, ಅವಳೂ ಹೌದು ಅಂದಳು ಎಂದರು. ಅವರು ನಗಿಸಲು ಹೇಳಿದ್ದು, ಅವಳು ಮಾತ್ರ ನಗಲಿಲ್ಲ.

"ತಪ್ಪಾಯ್ತು ಮಾವ," ಎಂದಳು. "ನಿಮ್ಮ ಎಂಟು ತಿಂಗಳು ನಾನು ಹಾಳು ಮಾಡಿದೆ."

ಮಾವ ನೀಲಿ ಚುಕ್ಕೆ ಒಣಗಿತೇ ಎಂದು ಬಗ್ಗಿ ನೋಡಿದರು. ಬೇಜಾರು ಆಗಿತ್ತು, ಆಗಿಲ್ಲ ಅಂದರೆ ಸುಳ್ಳಾಗುತ್ತೆ ಎಂದರು. ಆಮೇಲೆ, ಇನ್ನು ಮೇಲೆ ಯಾರು ಕೇಳಿದರೂ ಪುಸ್ತಕ ಕೊಟ್ಟು ಕಳಿಸಬೇಡಿ, ಕೈ ಹಿಡಿದು ತೋರಿಸಿ, ಅಷ್ಟು ಮಾಡಿದರೆ ಲೆಕ್ಕ ಚುಕ್ತಾ ಎಂದರು. ಅವಳು ತಲೆಯಾಡಿಸಿದಳು.

ಗೆರೆ ಹೊರಟಾಗ ಸಂಜೆ ಐದು ದಾಟಿತ್ತು, ಕಿಟಕಿಯ ಬಿಸಿಲು ಕಂಪ್ಯೂಟರಿನ ಮೇಲೆ ಬಿದ್ದು ಏನೂ ಕಾಣುತ್ತಿರಲಿಲ್ಲ. ಮೇಷ್ಟ್ರು ತಾವೇ ಎದ್ದು ಪ್ರಬಂಧದ ಪ್ರತಿಯೊಂದನ್ನು ಬಿಸಿಲಿಗೆ ಅಡ್ಡ ಹಿಡಿದು ನಿಂತರು, ಯಾವ ಪ್ರಬಂಧ ಎಂದು ಅವಳು ನೋಡಿದಳು, ಅವಳದ್ದೇ. ಗೆರೆ ನೆಟ್ಟಗೆ ಸ್ವಲ್ಪ ದೂರ ಹೋಯಿತು. ಆ ಜಾಗಕ್ಕೆ ಬಂತು. ಬಿತ್ತು. ಅವಳದ್ದರಷ್ಟು ಆಳಕ್ಕಲ್ಲ, ಆದರೆ ಅದೇ ಜಾಗದಲ್ಲಿ, ಯಾರೂ ಅನುಮಾನಪಡಲಾಗದಂತೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾವ ಕನ್ನಡಕ ತೆಗೆದು, ಇಸ್ತ್ರಿ ಮಾಡಿದ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡು, "ಬಿದ್ದೆ ಅಕ್ಕ, ಕೊನೆಗೂ ಹಳ್ಳಕ್ಕೆ ಬಿದ್ದೆ," ಎಂದರು.

ತಿದ್ದುಪಡಿಯ ಮಾತು ಅಲ್ಲೇ ನಿಂತುಕೊಂಡೇ ಆಯಿತು. ಉಜ್ಜಿದ ದಾರಿ ಹೀಗಿತ್ತು ಎಂದು ತೋರಿಸಲೇಬೇಕು, ಆದರೆ ಆ ಪತ್ರಿಕೆಯವರ ಹತ್ತಿರ ನಮ್ಮ ಎಂಟು ಎಲ್ಲಿರುತ್ತದೆ, ಚಿತ್ರವಾಗಿಯೇ ಕಳಿಸಬೇಕು, ಕೈಯಲ್ಲಿ ಗೀಚಿದ್ದು ಬೇಡ, ಅಚ್ಚಿನದೇ ಬೇಕು ಎಂದರು ಮೇಷ್ಟ್ರು. ಅವಳು ಕಾರಿಡಾರಿಗೆ ಬಂದು ಅಪ್ಪನಿಗೆ ಫೋನು ಮಾಡಿದಳು. ನಿನ್ನ ಹಳೇ ಮೊಳೆಗಳಲ್ಲಿ ಎಂಟು ಉಳಿದಿದೆಯಾ ಅಪ್ಪ ಎಂದಳು. ಯಾಕೆ, ಏನು ಎಂದು ಅವನು ಕೇಳಲಿಲ್ಲ. ಆ ಕಡೆ ಖಾನೆ ಎಳೆಯುವ ಸದ್ದು, ಸೀಸದ ಚೂರುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸಿತು. ಎಷ್ಟು ಪಾಯಿಂಟಿನದು ಬೇಕು ಎಂದ. ಅವಳು ಬಾಗಿಲಿನಿಂದ ಒಳಗೆ ನೋಡಿದಳು. ಮಾವನ ಬಟ್ಟೆಯ ಮೇಲಿನ ೮ ಇನ್ನೂ ಹಾಗೇ ಇತ್ತು, ಅದನ್ನು ಯಾರೂ ಒರೆಸಿರಲಿಲ್ಲ. ನಾಲ್ಕು ಬೆರಳಗಲ ಇದೆ ಅಪ್ಪ ಎಂದಳು.

"ಅಷ್ಟು ದೊಡ್ಡ ಎಂಟು ನಾನು ಗೋಡೆ ಪೋಸ್ಟರಿಗೂ ಜೋಡಿಸಿಲ್ಲ," ಎಂದ ಅಪ್ಪ. "ಇರೋ ಚಿಕ್ಕದನ್ನೇ ಕಳಿಸ್ತೀನಿ, ದೊಡ್ಡದು ಮಾಡ್ಕೊಳ್ಳಿ. ಮೊಳೆಯಲ್ಲಿ ಉಲ್ಟಾ ಕಾಣುತ್ತೆ ಪುಟ್ಟಿ, ಗಾಬರಿಯಾಗ್ಬೇಡ. ಕಾಗದಕ್ಕೆ ಒತ್ತಿದ ಮೇಲೆ ಸರಿ ಬರುತ್ತೆ."